ಗೋಡೆ ಕಪಾಟೋ, ಸ್ಟೋರ್ ರೂಮೋ: ಮನೆಯೊಳಗಿನ ಪುಟ್ಟ ಕಚೇರಿಗೆ ಜಾಗ ಆರಿಸುವ ಬಗೆ

ಎರಡು ಮಲಗುವ ಕೋಣೆಗಳ ಫ್ಲ್ಯಾಟಿನಲ್ಲಿ ನಾಲ್ಕು ಜನರ ಸಂಸಾರ ನಡೆಯುತ್ತಿರುವಾಗ ಕಚೇರಿಯ ಕೆಲಸಕ್ಕೆಂದೇ ಒಂದು ಕೋಣೆಯನ್ನು ಎತ್ತಿಡುವುದು ಸಾಧ್ಯವಾಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಊಟದ ಮೇಜೇ ಕಚೇರಿಯಾಯಿತು, ಮಂಚದ ಅಂಚೇ ಕುರ್ಚಿಯಾಯಿತು. ಈಗ ವಾರಕ್ಕೆ ಎರಡು ಮೂರು ದಿನ ಮನೆಯಿಂದ ಕೆಲಸ ಮಾಡುವ ಪದ್ಧತಿ ಅನೇಕ ಕಡೆ ನಿಂತಿರುವುದರಿಂದ ಆ ತಾತ್ಕಾಲಿಕ ಏರ್ಪಾಡನ್ನು ಸರಿಯಾಗಿ ಕಟ್ಟಿಕೊಳ್ಳಬೇಕೆಂಬ ಯೋಚನೆ ಹಲವರಿಗೆ ಬಂದಿದೆ. ಆಗ ಕಣ್ಣಿಗೆ ಬೀಳುವ ಜಾಗಗಳು ಮುಖ್ಯವಾಗಿ ಎರಡು. ಒಂದು, ಮಲಗುವ ಕೋಣೆಯಲ್ಲಿ ವಾರ್ಡ್‌ರೋಬ್ ಎಂದು ಕರೆಯುವ, ಬಟ್ಟೆ ಇಡುವ ಗೋಡೆ ಕಪಾಟು. ಇನ್ನೊಂದು, ಅಡುಗೆಮನೆಯ ಮಗ್ಗುಲಿಗೆ ಇರುವ ಸ್ಟೋರ್ ರೂಮ್. ಬಾಡಿಗೆ ಮನೆಯಲ್ಲಿರುವವರಿಗೆ ಮೂರನೆಯದೊಂದು ದಾರಿಯೂ ಇದೆ: ಯಾವುದನ್ನೂ ಕೀಳದೆ ಗೋಡೆಗೆ ಮಡಚುವ ಹಲಗೆ ಹಾಕಿಸಿಕೊಳ್ಳುವುದು.

ನಾನು ಏಳು ತಿಂಗಳು ಸ್ಟೋರ್ ರೂಮಿನಲ್ಲಿ ಕುಳಿತು ಕೆಲಸ ಮಾಡಿದೆ. ಅನಂತರ ಅದನ್ನು ಬಿಟ್ಟು ಮಲಗುವ ಕೋಣೆಯ ಕಪಾಟಿನ ಅರ್ಧ ಭಾಗವನ್ನು ಮೇಜಾಗಿ ಮಾಡಿಸಿಕೊಂಡೆ. ಇಂದಿಗೂ ಅಲ್ಲೇ ಕುಳಿತುಕೊಳ್ಳುತ್ತೇನೆ. ಆದ್ದರಿಂದ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಹೆಚ್ಚಿನ ಮನೆಗಳಿಗೆ ಕಪಾಟೇ ಒಳ್ಳೆಯದು ಎಂದು ನಾನು ನಂಬಿದ್ದೇನೆ, ಮತ್ತು ಅದಕ್ಕೆ ಮೂಲ ಕಾರಣ ಒಂದೇ: ಕಪಾಟಿನಲ್ಲಿ ಮೇಜು ಮಾತ್ರ ಒಳಗಿರುತ್ತದೆ, ಕುರ್ಚಿಯೂ ಅದರಲ್ಲಿ ಕುಳಿತ ಮನುಷ್ಯನೂ ಹೊರಗೆ ದೊಡ್ಡ ಕೋಣೆಯ ಗಾಳಿಯಲ್ಲಿರುತ್ತಾರೆ. ಸ್ಟೋರ್ ರೂಮಿನಲ್ಲಿ ಮನುಷ್ಯನೂ ಒಳಗೇ ಸೇರಿಹೋಗುತ್ತಾನೆ. ಈ ಒಂದು ವ್ಯತ್ಯಾಸದಿಂದ ಉಳಿದ ಎಷ್ಟೋ ವ್ಯತ್ಯಾಸಗಳು ಹುಟ್ಟುತ್ತವೆ. ಆದರೂ ಸ್ಟೋರ್ ರೂಮೇ ಸರಿ ಎನ್ನಬಹುದಾದ ಸಂದರ್ಭಗಳಿವೆ. ಅವನ್ನೂ ಮುಚ್ಚಿಡದೆ ಹೇಳುತ್ತೇನೆ.

ಗಾಳಿಯ ಲೆಕ್ಕ

ಗಾಳಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಜಾಗ ಆರಿಸುವಾಗ ಯಾರೂ ಇದನ್ನು ಲೆಕ್ಕ ಹಾಕುವುದಿಲ್ಲ. 4 ಅಡಿ ಅಗಲ, 5 ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರದ ಸ್ಟೋರ್ ರೂಮೊಂದನ್ನು ತೆಗೆದುಕೊಳ್ಳಿ. ಅದರೊಳಗೆ 190 ಘನ ಅಡಿ, ಅಂದರೆ ಸುಮಾರು 5,400 ಲೀಟರ್ ಗಾಳಿ ಹಿಡಿಯುತ್ತದೆ. ಸುಮ್ಮನೆ ಕುಳಿತು ಕೆಲಸ ಮಾಡುವ ವಯಸ್ಕನೊಬ್ಬ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಬಾಗಿಲು ಭದ್ರವಾಗಿ ಮುಚ್ಚಿದ್ದು, ಗಾಳಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಒಂದು ಗಂಟೆಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 3,300 ಭಾಗದಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಭಾಗವಿರುತ್ತದೆ. ಒಳಾಂಗಣದಲ್ಲಿ 1,000 ಭಾಗ ಮೀರಿದರೆ ಗಾಳಿ ಸಾಲದು ಎಂಬ ಲೆಕ್ಕ ಬಹುಕಾಲದಿಂದ ಬಳಕೆಯಲ್ಲಿದೆ. ಆ ಗಡಿಯನ್ನು ಈ ಪುಟ್ಟ ಕೋಣೆ ಹತ್ತು ಹನ್ನೊಂದು ನಿಮಿಷದಲ್ಲೇ ಮುಟ್ಟುತ್ತದೆ. ಬಾಗಿಲಿನ ಸಂದುಗಳಿಂದ ಒಂದಿಷ್ಟು ಗಾಳಿ ಆಡುವುದರಿಂದ ನಿಜ ಜೀವನದಲ್ಲಿ ಏರಿಕೆ ಇದಕ್ಕಿಂತ ನಿಧಾನವಾಗಿರುತ್ತದೆ ಎಂಬುದು ಸರಿ. ಆದರೆ ಎರಡು ಗಂಟೆಯ ಮೀಟಿಂಗ್ ಮುಗಿಸಿ ಹೊರಬಂದಾಗ ನನಗೆ ತಲೆ ಭಾರವಾಗಿ, ಕಣ್ಣು ಎಳೆಯುತ್ತಿದ್ದುದಕ್ಕೆ ಕಾರಣವನ್ನು ಈ ಲೆಕ್ಕ ಹಾಕಿದ ಮೇಲೆಯೇ ನಾನು ಅರಿತದ್ದು. ಅಲ್ಲಿಯವರೆಗೆ ಅದನ್ನು ಕೆಲಸದ ಆಯಾಸವೆಂದೇ ತಿಳಿದಿದ್ದೆ.

ಇದೇ ಮನುಷ್ಯ 10 ಅಡಿಗೆ 12 ಅಡಿಯ ಮಲಗುವ ಕೋಣೆಯಲ್ಲಿ ಕಪಾಟಿನ ಮುಂದೆ ಕುಳಿತರೆ ಅವನ ಸುತ್ತ ಇರುವ ಗಾಳಿ ಆರು ಪಟ್ಟು ಹೆಚ್ಚು. ಜೊತೆಗೆ ಕಿಟಕಿಯಿದೆ, ತಲೆಯ ಮೇಲೆ ಫ್ಯಾನಿದೆ.

ಶಾಖದ ಲೆಕ್ಕವೂ ಹೀಗೆಯೇ ಇದೆ. ಕುಳಿತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ. ಲ್ಯಾಪ್‌ಟಾಪ್, ಮಾನಿಟರ್ ಮತ್ತು ದೀಪ ಸೇರಿದರೆ ಇನ್ನೊಂದು 80 ವಾಟ್ ಆಗುತ್ತದೆ. ಅಂದರೆ ಹಳೆಯ ಕಾಲದ 100 ವಾಟಿನ ಬುರುಡೆ ಬಲ್ಬುಗಳನ್ನು ಸುಮಾರು ಎರಡು ಹೊತ್ತಿಸಿ ಬಾಗಿಲು ಹಾಕಿದಂತೆ. ಡಿಸೆಂಬರಿನ ಬೆಂಗಳೂರಿನಲ್ಲಿ ಇದು ಹಿತವೆನಿಸಬಹುದು. ಏಪ್ರಿಲ್‌ನಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರು, ಬಳ್ಳಾರಿಯಂತಹ ಊರುಗಳಲ್ಲಿ ಆ ಕೋಣೆಯಲ್ಲಿ ಅರ್ಧ ಗಂಟೆ ಕೂರುವುದೂ ಕಷ್ಟ. ನಾಲ್ಕು ಅಡಿಯ ಕೋಣೆಗೆ ಸೀಲಿಂಗ್ ಫ್ಯಾನ್ ಹಾಕಲು ರೆಕ್ಕೆಗಳಿಗೆ ಜಾಗವಿರುವುದಿಲ್ಲ, ಗೋಡೆ ಫ್ಯಾನ್ ಹಾಕಿದರೆ ಅದು ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತದೆ.

ಹಾಗಿದ್ದರೂ ಸ್ಟೋರ್ ರೂಮೇ ಬೇಕೆಂದರೆ, ಅದರ ಒಂದು ಗೋಡೆ ಹೊರಗೋಡೆಯಾಗಿರಬೇಕು ಅಥವಾ ಯುಟಿಲಿಟಿಯ, ಅಂದರೆ ಅಡುಗೆಮನೆಗೆ ಹೊಂದಿಕೊಂಡ ಪಾತ್ರೆ ಬಟ್ಟೆ ತೊಳೆಯುವ ಜಾಗದ, ಕಡೆಗೆ ವೆಂಟಿಲೇಟರ್ ಇರಬೇಕು. ಅಲ್ಲಿ 6 ಇಂಚಿನ ಎಗ್ಸಾಸ್ಟ್ ಫ್ಯಾನ್ ಕೂರಿಸಿ, ಬಾಗಿಲ ಕೆಳಗೆ ಒಂದು ಇಂಚು ಸಂದು ಬಿಡಿಸಬೇಕು ಅಥವಾ ಬಾಗಿಲಿನ ಕೆಳಭಾಗಕ್ಕೆ ಜಾಲರಿ ಹಾಕಿಸಬೇಕು. ಗಾಳಿ ಒಳಬರುವ ದಾರಿ ಇಲ್ಲದೆ ಹೊರಹಾಕುವ ಫ್ಯಾನು ಮಾತ್ರ ಇದ್ದರೆ ಅದು ಸದ್ದು ಮಾಡುತ್ತದೆಯೇ ಹೊರತು ಗಾಳಿಯನ್ನು ಬದಲಿಸುವುದಿಲ್ಲ. ಮೇಲೆ ಹೇಳಿದ 1,000 ಭಾಗದ ಗಡಿಯೊಳಗೆ ಉಳಿಯಬೇಕಾದರೆ ಆ ಕೋಣೆಯ ಗಾಳಿ ಗಂಟೆಗೆ ಸುಮಾರು ಆರು ಸಲ ಪೂರ್ತಿ ಬದಲಾಗಬೇಕಾಗುತ್ತದೆ. ಒಂದು ಸಣ್ಣ ಫ್ಯಾನಿಗೆ ಇದು ಕಷ್ಟದ ಕೆಲಸವಲ್ಲ. ವೆಂಟಿಲೇಟರೂ ಇಲ್ಲ, ಹೊರಗೋಡೆಯೂ ಇಲ್ಲ ಎಂದಾದರೆ, ಬಾಗಿಲು ತೆರೆದಿಟ್ಟೇ ಕೆಲಸ ಮಾಡುತ್ತೇನೆ ಎನ್ನುವವರು ಮಾತ್ರ ಆ ಕೋಣೆಯನ್ನು ಆರಿಸಬೇಕು.

ಸ್ಟೋರ್ ರೂಮಿನಲ್ಲಿ ಈಗಾಗಲೇ ಏನಿದೆ ಎಂಬುದನ್ನೂ ನೋಡಬೇಕು. ಅಡುಗೆ ಅನಿಲದ ಹೆಚ್ಚುವರಿ ಸಿಲಿಂಡರನ್ನು ಅಲ್ಲೇ ಇಡುವ ಮನೆಗಳು ಬಹಳ. ಆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ ಇಟ್ಟು ಸ್ವಿಚ್ ಒತ್ತುವ ಜಾಗಕ್ಕೂ ಆ ಸಿಲಿಂಡರಿಗೂ ಒಂದೇ ಕೋಣೆ ಖಂಡಿತ ಕೂಡದು. ಇನ್ವರ್ಟರಿನ ಬ್ಯಾಟರಿಯೂ ಅಷ್ಟೇ. ನೀರು ತುಂಬುವ ಲೆಡ್ ಆಸಿಡ್ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ. ಅವನ್ನು ಗಾಳಿಯಾಡುವ ಯುಟಿಲಿಟಿಗೆ ಸ್ಥಳಾಂತರಿಸಿದ ಮೇಲೆಯೇ ಅಲ್ಲಿ ಕುರ್ಚಿ ಹಾಕುವ ಮಾತಾಡಬೇಕು. ಅಕ್ಕಿ ಮೂಟೆ, ಮೆಣಸಿನಪುಡಿಯ ಡಬ್ಬ, ಉಪ್ಪಿನಕಾಯಿ ಭರಣಿಗಳ ನಡುವೆ ಕುಳಿತುಕೊಳ್ಳುವುದು ಅಪಾಯವೇನಲ್ಲ, ಆದರೆ ಮನೆಯವರು ಆ ಸಾಮಾನಿಗಾಗಿ ದಿನಕ್ಕೆ ಹತ್ತು ಸಲ ಬಾಗಿಲು ತಟ್ಟಬೇಕಾಗುತ್ತದೆ ಎಂಬುದು ನೆನಪಿರಲಿ.

ಸದ್ದು ಮತ್ತು ಹೊತ್ತು

ಸ್ಟೋರ್ ರೂಮಿನ ಪರವಾಗಿ ನಿಲ್ಲುವ ಬಲವಾದ ವಾದವೆಂದರೆ ರಾತ್ರಿಯ ಕೆಲಸ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆ ಅಲ್ಲಿಯ ಬೇಸಿಗೆಯ ತಿಂಗಳುಗಳಲ್ಲಿ ನಮಗೆ ಸಂಜೆ ಆರೂವರೆ, ಚಳಿಗಾಲಕ್ಕೆಂದು ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಏಳೂವರೆ. ಆ ದೇಶದ ಸಹೋದ್ಯೋಗಿಗಳೊಂದಿಗೆ ಕೆಲಸ ಮಾಡುವವರ ಮಾತುಕತೆ ರಾತ್ರಿ ಹತ್ತು ಹನ್ನೊಂದರವರೆಗೂ ನಡೆಯುತ್ತದೆ. ಮಲಗುವ ಕೋಣೆಯ ಕಪಾಟಿನಲ್ಲಿ ಮೇಜಿದ್ದರೆ ಅದೇ ಕೋಣೆಯಲ್ಲಿ ಮಗು ಮಲಗಿರುತ್ತದೆ ಅಥವಾ ಮರುದಿನ ಬೇಗ ಏಳಬೇಕಾದ ಸಂಗಾತಿ ಮಲಗಿರುತ್ತಾರೆ. ದನಿ ತಗ್ಗಿಸಿ ಮಾತಾಡಿದರೂ ಪರದೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತದೆ. ವಾರಕ್ಕೆ ಒಂದೆರಡು ರಾತ್ರಿಯಾದರೆ ಸಹಿಸಬಹುದು. ದಿನವೂ ಹೀಗೆಯೇ ಎನ್ನುವವರಿಗೆ, ವೆಂಟಿಲೇಟರ್ ಇರುವ ಸ್ಟೋರ್ ರೂಮ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ ಎಂದು ನಾನೂ ಹೇಳುತ್ತೇನೆ.

ಹಗಲಿನ ಸದ್ದಿನ ಕಥೆ ಬೇರೆ. ಸ್ಟೋರ್ ರೂಮ್ ಅಡುಗೆಮನೆಗೆ ಅಂಟಿಕೊಂಡಿರುವುದರಿಂದ ಕುಕ್ಕರಿನ ಕೂಗು, ಮಿಕ್ಸಿಯ ಸದ್ದು, ಪಾತ್ರೆಗಳ ಸಪ್ಪಳ ಎಲ್ಲವೂ ಮೈಕಿಗೆ ತಲುಪುತ್ತವೆ. ಬರಿಯ ಗೋಡೆಗಳ ಪುಟ್ಟ ಕೋಣೆಯಲ್ಲಿ ದನಿ ಗೋಡೆಯಿಂದ ಗೋಡೆಗೆ ಬಡಿದು ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ. ಕಪಾಟಿನಲ್ಲಿ ಇದಕ್ಕೆ ವಿರುದ್ಧವಾದ ಅನುಕೂಲವಿದೆ: ಪಕ್ಕದ ಅಂಕಣದಲ್ಲಿ ತೂಗಿದ ಸೀರೆ, ಶರ್ಟು, ಕಂಬಳಿಗಳು ದನಿಯನ್ನು ಹೀರಿಕೊಳ್ಳುತ್ತವೆ. ಧ್ವನಿಮುದ್ರಣ ಮಾಡುವವರು ಮನೆಯಲ್ಲಿ ಬಟ್ಟೆಯ ಕಪಾಟಿನ ಮುಂದೆ ಕುಳಿತು ಓದುವುದು ಇದೇ ಕಾರಣಕ್ಕೆ. ಆನ್‌ಲೈನ್ ಪಾಠ ಹೇಳುವ ಶಿಕ್ಷಕರಿಗೆ ಈ ಅಂಶ ಮುಖ್ಯವಾಗಬಹುದು.

ವಿಡಿಯೋ ಕರೆಯಲ್ಲಿ ಮಾತ್ರ ಕಪಾಟು ಸೋಲುತ್ತದೆ. ಕಪಾಟಿನ ಕಡೆಗೆ ಮುಖ ಮಾಡಿ ಕುಳಿತವರ ಕ್ಯಾಮೆರಾ ಅವರ ಹಿಂದಿರುವ ಇಡೀ ಕೋಣೆಯನ್ನು ತೋರಿಸುತ್ತದೆ. ಅಲ್ಲಿ ಮಂಚವಿದೆ, ಓಡಾಡುವ ಮನೆಯವರಿದ್ದಾರೆ. ನಮ್ಮ ಮನೆಯಲ್ಲಿ ಕುರ್ಚಿಯ ಹಿಂದೆ ಮೂರು ಅಡಿ ದೂರದಲ್ಲಿ ಸೀಲಿಂಗಿನಿಂದ ಸರಳಿನ ಮೇಲೆ ಜಾರುವ ದಪ್ಪನೆಯ ಪರದೆಯೊಂದನ್ನು ಹಾಕಿಸಿದೆವು. ಅದರಿಂದ ಮನೆಯವರಿಗೆ ಸಂಕೋಚ ತಪ್ಪಿತು, ರಾತ್ರಿಯ ಹೊತ್ತು ಬೆಳಕೂ ಸ್ವಲ್ಪ ತಡೆಯಿತು.

ಅಳತೆಗಳು

ಈಗಿನ ಫ್ಲ್ಯಾಟುಗಳ ಕಪಾಟು ಸಾಮಾನ್ಯವಾಗಿ 2 ಅಡಿ ಆಳವಿರುತ್ತದೆ, ಏಕೆಂದರೆ ಹ್ಯಾಂಗರಿಗೆ ಅಷ್ಟು ಜಾಗ ಬೇಕು. ಬಾಗಿಲಿನ ದಪ್ಪ, ಹಿಂದಿನ ಹಲಗೆ ಎರಡನ್ನೂ ಕಳೆದರೆ ಒಳಗೆ 22 ಇಂಚು ಉಳಿಯುತ್ತದೆ. ಕಣ್ಣಿಗೂ ಪರದೆಗೂ 20ರಿಂದ 28 ಇಂಚು ಅಂತರವಿರಬೇಕು. ಮಾನಿಟರನ್ನು ಹಿಂಬದಿಯ ಗೋಡೆಗೆ ಬ್ರಾಕೆಟ್ ಹಾಕಿ ತಗುಲಿಸಿದರೆ 22 ಇಂಚಿನಲ್ಲಿ ಇದು ಆರಾಮವಾಗಿ ಒದಗುತ್ತದೆ. ಮಂಡಿ ಮತ್ತು ಪಾದಗಳಿಗೂ ಈ ಆಳ ಸಾಕು. ಅಗಲ ಕನಿಷ್ಠ 3 ಅಡಿ ಬೇಕು, 4 ಅಡಿಯಾದರೆ ಕಡತ, ನೋಟುಪುಸ್ತಕಕ್ಕೂ ಜಾಗವಾಗುತ್ತದೆ. ಮೂರು ಅಡಿಗಿಂತ ಕಡಿಮೆಯಿರುವ ಒಂಟಿ ಅಂಕಣದಲ್ಲಿ ಮೊಣಕೈ ಎರಡೂ ಕಡೆ ಬಡಿಯುವುದರಿಂದ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಹಳೆಯ ಮನೆಗಳಲ್ಲಿ, ಮೈಸೂರಿನ ಬಡಾವಣೆಗಳಲ್ಲಾಗಲಿ ಧಾರವಾಡದ ಓಣಿಗಳಲ್ಲಾಗಲಿ, ಗೋಡೆಯಲ್ಲೇ ಕಟ್ಟಿ ಕಡಪ ಕಲ್ಲಿನ ಹಲಗೆ ಕೂರಿಸಿದ ಕಪಾಟುಗಳಿರುತ್ತವೆ. ಅವುಗಳ ಆಳ ಹೆಚ್ಚೆಂದರೆ ಒಂದೂವರೆ ಅಡಿ. ಅಲ್ಲಿ ಕುಳಿತರೆ ಪಾದ ಗೋಡೆಗೆ ತಾಗುತ್ತದೆ, ಪರದೆ ಮುಖಕ್ಕೆ ಹತ್ತಿರವಾಗುತ್ತದೆ. ಮೇಜಿನ ಹಲಗೆಯನ್ನು ಆರೇಳು ಇಂಚು ಹೊರಚಾಚಿಸಿ, ಆ ಚಾಚಿದ ಭಾಗಕ್ಕೆ ಹಿಂಜು ಹಾಕಿ ಕೆಳಗೆ ಮಡಚುವಂತೆ ಮಾಡಿಸಿದರೆ ಈ ಕೊರತೆ ನೀಗುತ್ತದೆ. ಕಡಪ ಕಲ್ಲು ಒಂದು ಬಗೆಯ ಸುಣ್ಣಕಲ್ಲು. ಗೋಡೆಯೊಳಗೆ ಹೂತ ಅದರ ಅಂಚನ್ನು ಕಟಿಂಗ್ ಮಷೀನಿನಿಂದ ಕತ್ತರಿಸುವಾಗ ಮನೆತುಂಬ ಸಣ್ಣ ಧೂಳು ಕೂರುತ್ತದೆ, ಸುತ್ತಲಿನ ಗಾರೆಯೂ ಸಡಿಲವಾಗುತ್ತದೆ. ಹೀಗಾಗಿ ಮೊದಲು ಟೇಪು ಹಿಡಿದು ಅಳೆದು ನೋಡಿ. ಯಾವುದಾದರೂ ಒಂದು ಕಲ್ಲು ನೆಲದಿಂದ 26ರಿಂದ 29 ಇಂಚಿನ ನಡುವೆ ಕೂತಿದ್ದರೆ ಅದನ್ನೇ ಮೇಜಿಗೆ ಆಧಾರವಾಗಿ ಉಳಿಸಿಕೊಂಡು, ಅದರ ಕೆಳಗಿನದನ್ನೂ ಮೇಲಿನದನ್ನೂ ಮಾತ್ರ ತೆಗೆಸಬಹುದು. ಕಾಂಕ್ರೀಟ್ ಕಂಬ ತೊಲೆಗಳಿಲ್ಲದೆ ಗೋಡೆಗಳ ಮೇಲೆಯೇ ಛಾವಣಿ ನಿಂತಿರುವ ಹಳೆಯ ಮನೆಯಾದರೆ, ಆಳ ಹೆಚ್ಚಿಸಲೆಂದು ಕಪಾಟಿನ ಹಿಂಬದಿಯ ಗೋಡೆಯನ್ನು ಕೊರೆಯಿಸುವ ಸಾಹಸಕ್ಕೆ ಯಾವ ಕಾರಣಕ್ಕೂ ಕೈಹಾಕಬಾರದು.

ಮೇಜಿನ ಎತ್ತರದ ವಿಷಯದಲ್ಲಿ ಬಡಗಿಯ ವಾಡಿಕೆಗೆ ಬಿಟ್ಟುಬಿಟ್ಟರೆ ಅವರು 30 ಇಂಚಿಗೆ ಹಲಗೆ ಕೂರಿಸುತ್ತಾರೆ. ಅದು ಊಟದ ಮೇಜಿನ ಎತ್ತರ. ಗಂಟೆಗಟ್ಟಲೆ ಟೈಪ್ ಮಾಡುವವರಿಗೆ, ವಿಶೇಷವಾಗಿ ಐದಡಿ ಎರಡು ಮೂರು ಇಂಚು ಎತ್ತರದ ಹೆಂಗಸರಿಗೆ, ಅದರಿಂದ ಭುಜ ಮೇಲಕ್ಕೆ ಎತ್ತಿಕೊಂಡೇ ಇರಬೇಕಾಗಿ ಕುತ್ತಿಗೆ ಹಿಡಿಯುತ್ತದೆ. ಸರಿಯಾದ ಅಳತೆ ಅವರವರ ಮೈಯಲ್ಲೇ ಇದೆ. ನಿಮ್ಮ ಕುರ್ಚಿಯಲ್ಲಿ ಪಾದ ಪೂರ್ತಿ ನೆಲಕ್ಕೆ ಊರಿ, ಬೆನ್ನು ಒರಗಿಸಿ ಕುಳಿತು, ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ನೆಲದಿಂದ ಮೊಣಕೈಯವರೆಗೆ ಯಾರಿಂದಲಾದರೂ ಅಳತೆ ತೆಗೆಸಿ. ಹಲಗೆಯ ಮೇಲ್ಮೈ ಅಲ್ಲಿಗೆ ಬರಬೇಕು. ಮನೆಯಲ್ಲಿ ಇಬ್ಬರು ಅದೇ ಮೇಜನ್ನು ಬಳಸುವುದಾದರೆ ಎತ್ತರದವರ ಅಳತೆಗೆ ಹಲಗೆ ಕೂರಿಸಿ, ಇನ್ನೊಬ್ಬರಿಗೆ ಕುರ್ಚಿಯನ್ನು ಏರಿಸಿ ಪಾದದ ಕೆಳಗೆ ಮಣೆ ಇಡುವುದು ಸುಲಭದ ಉಪಾಯ. ಹಲಗೆಯ ಕೆಳಗೆ ಡ್ರಾಯರ್ ಬೇಡವೇ ಬೇಡ. ಅದು ತೊಡೆಯ ಜಾಗವನ್ನು ಕಸಿದುಕೊಳ್ಳುತ್ತದೆ.

ಸ್ಟೋರ್ ರೂಮಿನಲ್ಲಿ ಮೇಜಿನ ಆಳಕ್ಕೆ ತೊಂದರೆಯಿಲ್ಲ, ಕುರ್ಚಿ ಹಿಂದಕ್ಕೆ ಸರಿಯುವ ಜಾಗಕ್ಕೆ ತೊಂದರೆ. ಗೋಡೆಯಿಂದ 2 ಅಡಿ ಮೇಜಿಗೆ ಹೋದರೆ ಕುಳಿತು ಏಳಲು ಕನಿಷ್ಠ ಎರಡೂವರೆ ಅಡಿಯಾದರೂ ಬೇಕು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಅದು ಕುರ್ಚಿಗೆ ಬಡಿಯುತ್ತದೆ. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಬಾಗಿಲು, ಹಲಗೆ, ತೇವ

ಕಪಾಟಿನ ಬಾಗಿಲು ಯಾವ ಬಗೆಯದು ಎಂಬುದು ಬಹಳ ಸಲ ತೀರ್ಮಾನವನ್ನೇ ಬದಲಿಸುತ್ತದೆ. ಜಾರುವ ಬಾಗಿಲಿನ ಕಪಾಟಿನಲ್ಲಿ ಒಂದು ಹೊತ್ತಿಗೆ ಅರ್ಧ ಮಾತ್ರ ತೆರೆಯುತ್ತದೆ. 6 ಅಡಿಯ ಕಪಾಟಾದರೆ ಒಂದು ಪಕ್ಕ ಪೂರ್ತಿ 3 ಅಡಿ ಮೇಜಿಗೆ, ಇನ್ನೊಂದು ಪಕ್ಕ ಬಟ್ಟೆಗೆ ಎಂದು ಭಾಗ ಮಾಡಿಕೊಳ್ಳಬಹುದು, ಆದರೆ ನೀವು ಕೆಲಸ ಮಾಡುವಷ್ಟು ಹೊತ್ತೂ ಬಟ್ಟೆಯ ಕಡೆ ಮುಚ್ಚಿಯೇ ಇರುತ್ತದೆ. ಹಿಂಜಿನ ಮೇಲೆ ಹೊರಕ್ಕೆ ತೆರೆಯುವ ಬಾಗಿಲಾದರೆ ಪೂರ್ತಿ ತೆರೆಯುತ್ತದೆ, ಆದರೆ ಎರಡೂ ಕಡೆ ರೆಕ್ಕೆಯಂತೆ ಚಾಚಿಕೊಂಡು ಮಂಚಕ್ಕೆ ತಾಗಬಹುದು. ನಡುವೆ ಮಡಚುವ ಬಾಗಿಲು ಎಲ್ಲಕ್ಕಿಂತ ಅನುಕೂಲ, ಖರ್ಚೂ ಹೆಚ್ಚು. ಬಾಗಿಲುಗಳನ್ನು ಕಳಚಿ ಅಟ್ಟದ ಮೇಲೆ ಜೋಪಾನವಾಗಿಟ್ಟು, ಸರಳು ಹಾಕಿ ಹತ್ತಿ ಬಟ್ಟೆಯ ಪರದೆ ಇಳಿಬಿಡುವುದು ಎಲ್ಲಕ್ಕಿಂತ ಅಗ್ಗ. ಮುಂದೆ ಮನೆ ಮಾರುವಾಗಲೋ ಬಾಡಿಗೆಗೆ ಕೊಡುವಾಗಲೋ ಬಾಗಿಲುಗಳನ್ನು ಮತ್ತೆ ಕೂರಿಸಿಬಿಡಬಹುದು.

ಹಲಗೆಗೆ 19 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಒಣ ಕೋಣೆಯಾದರೆ ಐಎಸ್ 303 ಗುರುತಿನ ಬಿಡಬ್ಲ್ಯೂಆರ್ ದರ್ಜೆ, ಅಂದರೆ ಕುದಿನೀರನ್ನೂ ತಡೆಯುವಂಥದ್ದು, ಒಳ್ಳೆಯ ಬಾಳಿಕೆ ಬರುತ್ತದೆ. ಸ್ನಾನದ ಮನೆಯ ಗೋಡೆಗೆ ಹೊಂದಿಕೊಂಡ ಕಪಾಟು ಅಥವಾ ಕರಾವಳಿ, ಮಲೆನಾಡಿನ ಮನೆಯಾದರೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡನ್ನೇ ಕೇಳಿ. 8 ಅಡಿಗೆ 4 ಅಡಿಯ ಒಂದೇ ಹಾಳೆಯಲ್ಲಿ 5 ಅಡಿಗೆ 2 ಅಡಿಯ ಮೇಜು, ಮೇಲೊಂದು ಪುಸ್ತಕದ ಹಲಗೆ, ಪಕ್ಕದ ಆಧಾರಗಳು ಎಲ್ಲವೂ ಹೊರಡುತ್ತವೆ. ನಾಲ್ಕೈದು ಅಡಿ ಉದ್ದದ ಹಲಗೆ ಕಾಲಕ್ರಮೇಣ ನಡುವೆ ಜೋತುಬೀಳದಂತೆ ಹಿಂದಿನ ಮತ್ತು ಪಕ್ಕದ ಗೋಡೆಗಳಿಗೆ ರೀಪರ್ ಎನ್ನುವ ಮರದ ಪಟ್ಟಿ ಹೊಡೆಸಿ ಮೂರೂ ಕಡೆ ಆಧಾರ ಕೊಡಿಸಬೇಕು, ಮುಂದಿನ ಅಂಚಿಗೆ ಎರಡು ಇಂಚಿನ ಗಟ್ಟಿ ಮರದ ಪಟ್ಟಿ ಅಂಟಿಸಬೇಕು. ಆ ಪಟ್ಟಿಯ ಮೂಲೆಯನ್ನು ದುಂಡಗೆ ಉಜ್ಜಿಸಿದರೆ ಮುಂಗೈಗೆ ಒತ್ತುವುದಿಲ್ಲ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪಾರ್ಟಿಕಲ್ ಬೋರ್ಡಿನ ಹಲಗೆಗಳು ಬೆಲೆಯಲ್ಲಿ ಕಡಿಮೆ, ಆದರೆ ನೀರು ತಾಗಿದರೆ ಉಬ್ಬುತ್ತವೆ ಮತ್ತು ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ.

ತೇವದ ಪರೀಕ್ಷೆ ಬಡಗಿ ಬರುವ ಮೊದಲೇ ಮುಗಿಯಬೇಕು. ಕಪಾಟಿನ ಹಿಂದಿನ ಗೋಡೆಗೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಗೆ ನೀರಹನಿ ಕಟ್ಟಿದರೆ ತೇವ ಗೋಡೆಯೊಳಗಿಂದ ಬರುತ್ತಿದೆ ಎಂದರ್ಥ. ಪ್ಲಂಬರನ್ನು ಕರೆಸಿ ಮೂಲ ಸರಿಪಡಿಸದೆ ಅಲ್ಲಿ ಹಲಗೆ ಹಾಕಿಸಬಾರದು. ಹೊರಮೈಯಲ್ಲಿ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯದೇ ತೇವ. ಮಂಗಳೂರು, ಉಡುಪಿ, ಕಾರವಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಕಪಾಟಿನೊಳಗೆ ಬೂಸ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಅಲ್ಲಿಯವರು ಹಲಗೆಗೂ ಹಿಂದಿನ ಗೋಡೆಗೂ ಒಂದು ಇಂಚು ಅಂತರ ಬಿಡಿಸಲಿ. ಗಾಳಿಯೂ ಆಡುತ್ತದೆ, ವೈರುಗಳಿಗೂ ದಾರಿಯಾಗುತ್ತದೆ.

ವಿದ್ಯುತ್ತು, ಬೆಳಕು, ಇಂಟರ್‌ನೆಟ್

ಬಟ್ಟೆಯ ಕಪಾಟಿನೊಳಗೆ ಯಾರೂ ಪ್ಲಗ್ ಪಾಯಿಂಟ್ ಕೊಟ್ಟಿರುವುದಿಲ್ಲ. ಮಂಚದ ಪಕ್ಕದಿಂದ ಎಕ್ಸ್‌ಟೆನ್ಶನ್ ವೈರನ್ನು ಎಳೆದು ಬಟ್ಟೆಗಳ ನಡುವೆ ಹಾಯಿಸುವ ಬದಲು, ಎಲೆಕ್ಟ್ರಿಷಿಯನ್ನರಿಂದ ಗೋಡೆಯ ಮೇಲೆ ವೈರು ಮುಚ್ಚುವ ಕೇಸಿಂಗ್ ಪಟ್ಟಿಯೊಳಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರು ಎಳೆಸಿ, ಹಲಗೆಯ ಮೇಲ್ಗಡೆ ಮೂರು ನಾಲ್ಕು 6 ಆಂಪಿಯರ್ ಸಾಕೆಟ್ ಹಾಕಿಸಿ. ಅರ್ತಿಂಗ್ ಇದೆಯೇ ಎಂದು ಪರೀಕ್ಷಿಸಲು ಹೇಳಿ. ಲ್ಯಾಪ್‌ಟಾಪ್, ಮಾನಿಟರ್, ರೌಟರ್, ದೀಪ ಎಲ್ಲ ಸೇರಿದರೂ 150 ವಾಟ್ ಮೀರುವುದು ಅಪರೂಪವಾದ್ದರಿಂದ ಈ ವೈರಿಂಗ್ ಧಾರಾಳವಾಗಿ ಸಾಕು. ಕರೆಂಟು ಹೋಗುವ ಊರಾದರೆ ಈ ಬೋರ್ಡನ್ನು ಇನ್ವರ್ಟರ್ ಲೈನಿಗೆ ಸೇರಿಸಿ. ಆದರೆ ಲೇಸರ್ ಪ್ರಿಂಟರನ್ನು ಅದರಲ್ಲಿ ಹಾಕಬೇಡಿ. ಕಾಗದ ಬಿಸಿಮಾಡುವ ಹೊತ್ತಿನಲ್ಲಿ ಅದು ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ. ಸ್ಟೋರ್ ರೂಮಿನಲ್ಲಿ ಸಾಮಾನ್ಯವಾಗಿ ಬಲ್ಬಿನ ಪಾಯಿಂಟ್ ಒಂದೇ ಇರುವುದರಿಂದ ಖರ್ಚು ಅಲ್ಲೂ ಇಷ್ಟೇ ಬರುತ್ತದೆ.

ಕಪಾಟಿನ ಮುಂದೆ ಕುಳಿತಾಗ ಕೋಣೆಯ ದೀಪ ಬೆನ್ನ ಹಿಂದಿರುತ್ತದೆ, ನಿಮ್ಮ ತಲೆಯ ನೆರಳೇ ಮೇಜಿನ ಮೇಲೆ ಬೀಳುತ್ತದೆ. ಮೇಲಿನ ಹಲಗೆಯ ಮುಂದಿನ ಅಂಚಿನ ಹಿಂದೆ ಕಾಣದಂತೆ ಎಲ್ಇಡಿ ಪಟ್ಟಿ ಕೂರಿಸಿದರೆ ಬೆಳಕು ಕೈಮೇಲೂ ಮುಖದ ಮೇಲೂ ಬೀಳುತ್ತದೆ. 4,000 ಕೆಲ್ವಿನ್ ಎಂದು ಬರೆದಿರುವ, ತೀರಾ ಹಳದಿಯೂ ತೀರಾ ಬಿಳಿಯೂ ಅಲ್ಲದ ಬೆಳಕು ಓದಿಗೂ ವಿಡಿಯೋ ಕರೆಗೂ ಹಿತ. ಆ ಪಟ್ಟಿಗೆ ವಿದ್ಯುತ್ ಒದಗಿಸುವ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆ ಬಿಸಿಯಾಗುವ ವಸ್ತು, ಬಟ್ಟೆಯ ಅಂಕಣದಿಂದ ದೂರವಿರಲಿ.

ಇಂಟರ್‌ನೆಟ್‌ಗೆ ಎರಡೂ ಜಾಗಗಳಲ್ಲಿ ಕೇಬಲ್ಲೇ ನಂಬಿಕೆಯ ದಾರಿ. ವೈ–ಫೈನ 5 ಗಿಗಾಹರ್ಟ್ಸ್ ಸಂಕೇತ ಇಟ್ಟಿಗೆ ಗೋಡೆಗಳನ್ನು ದಾಟುವಾಗ ಬೇಗ ಕುಂದುತ್ತದೆ, ನಡುವೆ ಕಬ್ಬಿಣದ ಬೀರು ಇದ್ದರೆ ಇನ್ನೂ ಕಷ್ಟ. ಹೇಗೂ ಎಲೆಕ್ಟ್ರಿಷಿಯನ್ ಬಂದಿರುತ್ತಾರಲ್ಲ, ಬೇರೊಂದು ಕೇಸಿಂಗ್‌ನಲ್ಲಿ ಕ್ಯಾಟ್ 6 ಕೇಬಲ್ಲನ್ನೂ ಎಳೆಸಿಬಿಡಿ.

ಬಾಡಿಗೆ ಮನೆಯವರಿಗೆ

ಬೆಂಗಳೂರಿನಲ್ಲಿ ದೊಡ್ಡ ಮೊತ್ತದ ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರಿಗೆ, ಬಿಡುವಾಗ ಅದರಲ್ಲಿ ಎಷ್ಟು ಕಳೆಯುತ್ತಾರೋ ಎಂಬ ಆತಂಕ ಇದ್ದೇ ಇರುತ್ತದೆ. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಕಪಾಟಿನ ಹಲಗೆ ಕೀಳಿಸುವುದಾಗಲಿ ಕಲ್ಲು ಕತ್ತರಿಸುವುದಾಗಲಿ ಬೇಡ. ವಾಟ್ಸಾಪಿನಲ್ಲಿ ಚಿತ್ರಸಹಿತ ಕೇಳಿ ಒಪ್ಪಿಗೆ ಪಡೆದರೂ ಅದೊಂದು ದಾಖಲೆಯೇ. ಸ್ಕ್ರೂ ಮೇಲೆ ನಿಂತ ಹಲಗೆಗಳಾದರೆ ಬಿಚ್ಚಿಟ್ಟು ಮತ್ತೆ ಹಾಕಬಹುದು. ಅಂತಹ ಕಪಾಟು ಬಾಡಿಗೆಯವರಿಗೂ ಒದಗುತ್ತದೆ. ಅದಿಲ್ಲದಿದ್ದರೆ ಗೋಡೆಗೆ ಮಡಚುವ ಹಲಗೆ. ಎರಡು ಮಡಚುವ ಬ್ರಾಕೆಟ್‌ಗಳಿಗೆ ನಾಲ್ಕೈದು ತೂತು ಸಾಕು, ಬಿಡುವಾಗ ಪುಟ್ಟಿ ತುಂಬಿ ಬಣ್ಣ ಬಳಿದರೆ ಗುರುತು ಉಳಿಯುವುದಿಲ್ಲ. ಇದರ ಕೊರತೆಯೆಂದರೆ ಪ್ರತಿ ಸಂಜೆ ಮೇಜಿನ ಮೇಲಿನದೆಲ್ಲವನ್ನೂ ಎತ್ತಿಡಬೇಕು, ಮಾನಿಟರಿಗೆ ಜಾಗವಿಲ್ಲ. ಲ್ಯಾಪ್‌ಟಾಪ್ ಒಂದರಲ್ಲೇ ದಿನಕ್ಕೆ ಮೂರು ನಾಲ್ಕು ಗಂಟೆ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕಬ್ಬಿಣದ ಬೀರುವಿನೊಳಗೆ ಹಲಗೆ ಕೂರಿಸುವ ಯೋಚನೆಯನ್ನು ಮಾತ್ರ ಕೈಬಿಡಿ. ಅದರ ಆಳ ಸಾಲದು, ಮುಂದಕ್ಕೆ ಹಲಗೆ ಎಳೆದು ಮೊಣಕೈ ಊರಿದಾಗ ಇಡೀ ಬೀರು ಮುಂದಕ್ಕೆ ವಾಲುವ ಅಪಾಯವೂ ಇದೆ.

ವಾಸ್ತು ನೋಡುವ ಮನೆಗಳಲ್ಲಿ ಒಂದು ತೊಡಕು ಬರುತ್ತದೆ. ಬೀರುವನ್ನು ನೈಋತ್ಯ ಮೂಲೆಯಲ್ಲಿ, ಬಾಗಿಲು ಉತ್ತರಕ್ಕೆ ತೆರೆಯುವಂತೆ ಇಡುವುದು ರೂಢಿ. ಅದೇ ಜಾಗದ ಕಪಾಟನ್ನು ಮೇಜು ಮಾಡಿದರೆ ಕುಳಿತವರ ಮುಖ ದಕ್ಷಿಣಕ್ಕಾಗುತ್ತದೆ. ಅದಕ್ಕೆ ಹಿರಿಯರು ಒಪ್ಪದಿರಬಹುದು. ಮನೆಯ ನೆಮ್ಮದಿಯೂ ಲೆಕ್ಕಕ್ಕೆ ಬರುವ ಅಂಶವೇ ಆದ್ದರಿಂದ ಬಡಗಿಗೆ ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳುವುದು ಲೇಸು.

ಬಟ್ಟೆಗಳು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ನಾವು ಕಪಾಟಿನ ಅರ್ಧ ಖಾಲಿ ಮಾಡಿದಾಗ ವರ್ಷಕ್ಕೊಮ್ಮೆ ಉಡುವ ರೇಷ್ಮೆ ಸೀರೆಗಳು, ಸ್ವೆಟರುಗಳು, ಹಬ್ಬದ ಹೊದಿಕೆಗಳು ಮಂಚದ ಕೆಳಗಿನ ಪೆಟ್ಟಿಗೆಗೆ ಹೋದವು, ದಿನಬಳಕೆಯವು ಉಳಿದರ್ಧದಲ್ಲಿ ಇಕ್ಕಟ್ಟಾದವು. ಆ ಇಕ್ಕಟ್ಟನ್ನು ಹೆಚ್ಚಾಗಿ ಸಹಿಸಿದವರು ನನ್ನ ಹೆಂಡತಿ. ಹೀಗಾಗಿ ಎಷ್ಟು ಅಂಕಣ ಬಿಟ್ಟುಕೊಡಬಹುದು ಎಂಬ ತೀರ್ಮಾನ ಅವರದೇ ಆಗಿತ್ತು.

ಯಾವ ಜಾಗವನ್ನು ಆರಿಸಿದರೂ ಹಣ ಖರ್ಚು ಮಾಡುವ ಮೊದಲು ಒಂದು ವಾರ ಪ್ರಯೋಗ ಮಾಡಿ. ಕಪಾಟಾದರೆ ಒಂದು ಅಂಕಣ ಖಾಲಿಮಾಡಿ, ನಿಮ್ಮ ಮೊಣಕೈ ಎತ್ತರಕ್ಕೆ ಸರಿಹೊಂದುವಂತೆ ಸ್ಟೂಲು, ಪೆಟ್ಟಿಗೆಗಳ ಮೇಲೆ ಹಲಗೆಯೊಂದನ್ನು ಇಟ್ಟು ಅಲ್ಲೇ ಕೆಲಸ ಮಾಡಿ. ಸ್ಟೋರ್ ರೂಮಾದರೆ ಮಡಚುವ ಮೇಜು ಹಾಕಿ, ಬಾಗಿಲು ಮುಚ್ಚಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎದ್ದುಹೋಗದೆ ಕೂರಿ. ತಲೆ ಭಾರವಾಯಿತೇ, ಬೆವರಿತೇ, ಎಷ್ಟು ಸಲ ಯಾರಾದರೂ ಸಾಮಾನಿಗಾಗಿ ಬಂದರು, ರಾತ್ರಿ ಮಲಗಿದವರಿಗೆ ಎಚ್ಚರವಾಯಿತೇ ಎಂದು ದಿನವೂ ಬರೆದಿಡಿ. ವಾರದ ಕೊನೆಗೆ ಕೈಗೆ ಹಿತವೆನಿಸಿದ ಎತ್ತರವನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಬಡಗಿ ಬಂದಾಗ ಆ ಗೆರೆಯನ್ನೇ ತೋರಿಸಿ.